ಜಿಲ್ಲೆ ಬದಲಾದರೂ ಫೈಲು ಅದೇ

ನಮ್ಮ ಸೀಮೆಯ ಗಾದೆ, ಒಡಪು, ಸೋಬಾನೆ ಪದಗಳನ್ನು ಕೇಳಿ ಬಂದು ಟೈಪು ಮಾಡಿಡುವ ಚಟ ನನಗುಂಟು. ಜಿಲ್ಲೆಗೊಂದು ಫೋಲ್ಡರು, ಅದರೊಳಗೆ ತಾಲ್ಲೂಕು, ಅದರೊಳಗೆ ಹೋಬಳಿ, ಕೊನೆಗೆ ಹಳ್ಳಿ. ತಹಶೀಲ್ದಾರರು ನೋಡಿದರೂ ತಲೆದೂಗಬೇಕು, ಹಾಗಿತ್ತು ವ್ಯವಸ್ಥೆ.

ಅದನ್ನು ಕೆಡಿಸಿದ್ದು ಹರಪನಹಳ್ಳಿ ತಾಲ್ಲೂಕು. ಬಳ್ಳಾರಿಯಲ್ಲಿದ್ದದ್ದು 1997ರಲ್ಲಿ ದಾವಣಗೆರೆಗೆ ಹೋಯಿತು. ಸಂವಿಧಾನದ 371ಜೆ ವಿಧಿಯ ಸವಲತ್ತು ಬೇಕೆಂದು ಹೋರಾಡಿ ಮತ್ತೆ ಬಳ್ಳಾರಿಗೆ ಬಂತು. ಬಂದು ಕಾಲು ನೀಡುವಷ್ಟರಲ್ಲಿ, 2021ರಲ್ಲಿ, ವಿಜಯನಗರ ಜಿಲ್ಲೆ! ಕೂಡ್ಲಿಗಿ, ಹಡಗಲಿ, ಎಚ್.ಬಿ.ಹಳ್ಳಿಗಳೂ ಅದೇ ಜಿಲ್ಲೆಗೆ ಸೇರಿದವು. ಕೂಡ್ಲಿಗಿಯ ಹೊಟ್ಟೆಯೊಳಗಿದ್ದ ಕೊಟ್ಟೂರು ಅಷ್ಟರಲ್ಲಾಗಲೇ ಬೇರೆ ಒಲೆ ಹೂಡಿತ್ತು. ಊರುಗಳು ಇದ್ದಲ್ಲೇ ಇದ್ದವು. ನನ್ನ ಫೋಲ್ಡರುಗಳ ವಿಳಾಸ ಮಾತ್ರ ಸುಳ್ಳಾಯಿತು.

ಆಗ ಕೈಹಿಡಿದದ್ದು ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆ. 1987ರಲ್ಲಿ ಅದನ್ನು ಹೊರತಂದ ಲ್ಯಾರಿ ವಾಲ್ ಭಾಷಾಶಾಸ್ತ್ರ ಓದಿದವರು. ಅಕ್ಷರಗಳ ಮೇಲೆ ಆ ಭಾಷೆಗಿರುವ ಅಕ್ಕರೆಗೆ ಅದೂ ಒಂದು ಕಾರಣವಿದ್ದೀತು. ಅದರ ಫೈಲ್‌ಫೈಂಡ್ ಮಾಡ್ಯೂಲಿಗೆ ಮೇಲಿನ ಒಂದು ಫೋಲ್ಡರು ತೋರಿಸಿದರೆ ಸಾಕು, ಹೋಬಳಿ ಹಳ್ಳಿ ಎನ್ನದೆ ಸಂದಿಗೊಂದಿಯನ್ನೆಲ್ಲ ಹೊಕ್ಕು ಬರುತ್ತದೆ. ಯಾವ ಜಿಲ್ಲೆ ಎಂದು ಕೇಳುವುದಿಲ್ಲ. ಒಂದೇ ಅಡ್ಡಿ: ಫೋಲ್ಡರನ್ನೂ ಫೈಲಿನ ಸಾಲಿನಲ್ಲೇ ತಂದು ಒಪ್ಪಿಸುತ್ತದೆ. ‘ನೀನು ನಿಜವಾಗಿ ಫೈಲೇನಪ್ಪಾ?’ ಎಂದು ಪ್ರತಿಯೊಂದನ್ನೂ ನಾವೇ ವಿಚಾರಿಸಿಕೊಳ್ಳಬೇಕು.

ಕನ್ನಡ ಬಂದಾಗ ಪರ್ಲಿನ ಲೆಕ್ಕ ನೋಡುವಂಥದ್ದು. ‘ಹಡಗಲಿ’ಯಲ್ಲಿ ಎಷ್ಟು ಅಕ್ಷರ ಎಂದು ಕೇಳಿ. ಯುಟಿಎಫ್-8 ಎಂದು ಮೊದಲೇ ಹೇಳದಿದ್ದರೆ ಬೈಟುಗಳನ್ನೆಣಿಸಿ 15 ಎನ್ನುತ್ತದೆ. ಹೇಳಿಕೊಟ್ಟರೆ ಗುಡಿಸನ್ನು ಬೇರೆಯಾಗಿ ಎಣಿಸಿ 5 ಎನ್ನುತ್ತದೆ. ಒಂದನೇ ಕ್ಲಾಸಿನ ಹುಡುಗಿ ಹೇಳುವ 4 ಬರಬೇಕಾದರೆ ಇನ್ನೊಂದು ಚಿಹ್ನೆಯನ್ನು ಹಾಕಿ ರಮಿಸಬೇಕು.

ಇನ್ನು ಹೆಸರಿನ ಗೊಂದಲ. ಸರ್ಕಾರಕ್ಕೆ ಅದು ಹೂವಿನಹಡಗಲಿ, ಬಸ್ಸಿನ ಕಂಡಕ್ಟರಿಗೆ ಬರೀ ಹಡಗಲಿ. ಮಲ್ಲಿಗೆಯ ಊರನ್ನು ಹೂವಿಲ್ಲದೆ ಕರೆಯುವುದು ನನಗೇನೂ ಹಿಡಿಸದು, ಆದರೆ ಪರ್ಲಿಗೆ ಆ ಹಠವಿಲ್ಲ. ಹುಡುಕುವ ಮಾದರಿಯಲ್ಲಿ ‘ಹೂವಿನ’ ಎಂಬುದನ್ನು ಆವರಣದಲ್ಲಿಟ್ಟು ಪಕ್ಕಕ್ಕೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಇದ್ದರೂ ಸೈ, ಇಲ್ಲದಿದ್ದರೂ ಸೈ.

ನೀವೂ ಇಂಥದಕ್ಕೆ ಕೈಹಾಕುವುದಾದರೆ ಒಂದು ಮಾತು. ಪರ್ಲಿನ ‘ಮೈನಸ್ ಐ’ ಸ್ವಿಚ್ಚು ಫೈಲನ್ನು ಇದ್ದಲ್ಲೇ ತಿದ್ದುತ್ತದೆ, ಮೂಲ ಉಳಿಯುವುದಿಲ್ಲ. ಅದರ ಬಾಲಕ್ಕೆ ‘ಡಾಟ್ ಬ್ಯಾಕ್’ ಅಂಟಿಸಿ, ಹಳೆಯ ಪ್ರತಿಯೂ ಪಕ್ಕದಲ್ಲೇ ಇರುತ್ತದೆ.