ರಜಾಯಿಯೊಳಗಿನ ಛಾಯಾಗ್ರಾಹಕ

ಕ್ಯಾಮೆರಾವನ್ನು ದೂರದಿಂದ ನಡೆಸುವ ವಿದ್ಯೆ ಹಕ್ಕಿ, ಹುಲಿಗಳ ಫೋಟೊ ತೆಗೆಯುವವರಿಗೆ ವರವಾಗಿರಬಹುದು. ನನಗೆ ಅದು ಒದಗಿದ್ದು ಸೋಮಾರಿತನಕ್ಕೆ. ಜನವರಿಯ ಕಾಶಿ, ಶಿವಾಲದ ಗಲ್ಲಿಯೊಳಗೊಂದು ಹಳೇ ಬಾಡಿಗೆ ಮನೆ, ಹೊರಗೆ ಹಲ್ಲು ಕಟಕಟಿಸುವ ಚಳಿ. ಇಲ್ಲಿ ಗಂಗೆ ಉತ್ತರಕ್ಕೆ ಹರಿಯುತ್ತಾಳೆ, ಘಾಟುಗಳೆಲ್ಲ ಪೂರ್ವಕ್ಕೆ ಮುಖ ಮಾಡಿವೆ, ಆಚೆ ದಡದಲ್ಲಿ ಬರೀ ಮರಳು. ಸೂರ್ಯ ಏಳುವುದಕ್ಕೆ ಅಡ್ಡಿಯೇ ಇಲ್ಲ. ಏಳಲಾರದವನು ನಾನೊಬ್ಬನೇ.

ಹಾಗಾಗಿ ಸ್ನಾನಕ್ಕೆ ಹೊರಟಿದ್ದ ನನ್ನಾಕೆಯ ಕೈಯಲ್ಲೇ ತಾರಸಿಯ ಟ್ರೈಪಾಡಿಗೆ ಕ್ಯಾಮೆರಾ ಹತ್ತಿಸಿ, ನಾನು ರಜಾಯಿಯೊಳಗಿಂದ ಟ್ಯಾಬ್ ಒತ್ತುವುದೆಂದು ಏರ್ಪಾಡಾಯಿತು. ಕೋತಿಗಳ ಕಾಟಕ್ಕೆಂದು ತಾರಸಿಗೆ ಕಬ್ಬಿಣದ ಜಾಲರಿ ಹಾಕಿದ್ದರು. ಅಮ್ಮ ಮಗಳು ಹನುಮಾನ್ ಘಾಟ್ ದಾಟಿ ಕರ್ನಾಟಕ ಘಾಟಿಗೆ ಹೊರಟರು. ಅತ್ತೆಗೆ ಅಲ್ಲೇ ಮುಳುಗಬೇಕು. ಬೇರೆ ಘಾಟಿನ ಗಂಗೆಗೆ ಕನ್ನಡ ಬರುವುದಿಲ್ಲವೇನೋ!

ಈ ಕ್ಯಾಮೆರಾ ತನ್ನದೇ ಒಂದು ಪುಟ್ಟ ವೈಫೈ ಹುಟ್ಟಿಸುತ್ತದೆ, ಟ್ಯಾಬ್ ಅದಕ್ಕೆ ಸೇರಿಕೊಳ್ಳಬೇಕು. ಸೇರಿದ ಮರುಗಳಿಗೆ ಟ್ಯಾಬಿಗೆ ಅನುಮಾನ: ಇಲ್ಲಿ ಇಂಟರ್‌ನೆಟ್ಟೇ ಇಲ್ಲವಲ್ಲ? ಹೇಳದೆ ಕೇಳದೆ ಸಿಮ್ಮಿನ ಡೇಟಾಕ್ಕೆ ಹಾರುತ್ತದೆ. ಡೇಟಾ ಆರಿಸಿದೆ. ಪಾಸ್‌ವರ್ಡ್ ಕೇಳಿತು. ಅದು ಕ್ಯಾಮೆರಾದ ಪರದೆಯ ಮೇಲಿದೆ, ಕ್ಯಾಮೆರಾ ತಾರಸಿಯ ಮೇಲಿದೆ. ತಾತನ ಕಾಲದ ಸ್ಟುಡಿಯೋದವರು ಉದ್ದ ನಳಿಕೆಯ ತುದಿಯ ರಬ್ಬರ್ ಬುಗ್ಗೆ ಹಿಸುಕಿದರೆ ಗಾಳಿಯ ಒತ್ತಡಕ್ಕೆ ಶಟರ್ ತೆರೆಯುತ್ತಿತ್ತು. ಆ ಬುಗ್ಗೆ ಯಾರ ಪಾಸ್‌ವರ್ಡನ್ನೂ ಕೇಳಿದ್ದಿಲ್ಲ.

ರಜಾಯಿ ಸಮೇತ ಹತ್ತಿ ನೋಡಿಬಂದೆ. ಕೆಳಗಿಳಿದರೆ ಸಿಗ್ನಲ್ ಮಾಯ. ಹಳೇ ಕಾಶಿಯ ಕಲ್ಲುಗೋಡೆಗಳು ಯಾವ ಅಲೆಗೂ ಜಗ್ಗುವುದಿಲ್ಲ. ಮೆಟ್ಟಿಲು ಮೆಟ್ಟಿಲೇ ಏರಿ ಸಿಗ್ನಲ್ ಹುಡುಕುತ್ತ ಕೊನೆಗೆ ತಾರಸಿಯ ಬಾಗಿಲ ಬುಡದಲ್ಲೇ ಕುಕ್ಕರಿಸಿದೆ. ಅಷ್ಟರಲ್ಲಿ ಸ್ನಾನ ಮುಗಿಸಿ ಇಬ್ಬರೂ ಬಂದರು. ಅತ್ತೆ ಗಂಗೆಯ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದೇ ತಡ, ಟ್ಯಾಬಿನ ಚಿತ್ರ ನಿಂತೇ ಹೋಯಿತು. ವೈಫೈನ 2.4 ಗಿಗಾಹರ್ಟ್ಸ್ ಅಲೆಗಳನ್ನು ನೀರು ಹೀರುತ್ತದೆ, ಮನುಷ್ಯನ ಮೈಯೂ ಬಹುಪಾಲು ನೀರೇ ತಾನೇ. ಆದರೆ ಅತ್ತೆಯವರಿಗೆ "ಸ್ವಲ್ಪ ಸರೀರಿ, ನಿಮ್ಮ ಮೈಯಲ್ಲಿ ನೀರು ಜಾಸ್ತಿ" ಎನ್ನುವುದು ಹೇಗೆ?

"ಇಲ್ಲಿವರೆಗೂ ಬಂದಿದ್ದೀರಿ, ಇನ್ನೆರಡು ಹೆಜ್ಜೆ ಇಟ್ಟು ಕೈಯಲ್ಲೇ ಒತ್ತಬಾರದೇನ್ರೀ?" ಎಂದಳು ಇವಳು.

"ಆಮೇಲೆ ಅದು ರಿಮೋಟ್ ಹೇಗಾಗುತ್ತೆ?"

ಅತ್ತೆಯೆದುರು ಮಾನ ಉಳಿಸಿಕೊಳ್ಳಲು ಇತಿಹಾಸಕ್ಕೆ ಕೈಹಾಕಿದೆ. 1781ರಲ್ಲಿ ವಾರನ್ ಹೇಸ್ಟಿಂಗ್ಸ್ ರಾಜಾ ಚೇತ್ ಸಿಂಗನನ್ನು ಇದೇ ಶಿವಾಲದ ಕೋಟೆಯಲ್ಲಿ ಸೆರೆಯಿಟ್ಟಾಗ, ರಾಜ ರುಮಾಲುಗಳಿಗೆ ಗಂಟು ಹಾಕಿ ಕಿಟಕಿಯಿಂದಿಳಿದು ದೋಣಿ ಹತ್ತಿದನಂತೆ. ಬುದ್ಧಿ ಓಡಿಸಿದರೆ ಉಪಾಯಕ್ಕೇನು ಬರ!

"ಆತ ರುಮಾಲು ಬಿಚ್ಚಿ ಕೋಟೆಯಿಂದಲೇ ಇಳಿದ. ನಿಮಗೆ ಮಂಗನ ಟೋಪಿ ಹಾಕಿಕೊಂಡೂ ಒಂದು ಹೊಸ್ತಿಲು ದಾಟೋಕಾಗಲ್ಲ," ಎಂದು ಇವಳು ಕಾಫಿಗೆ ಹಾಲಿಡಲು ಇಳಿದಳು.

ಅತ್ತೆ ತಾರಸಿಗೆ ಹೋಗಿ ಬಂದರು. ಚಿತ್ರ ಮರಳಿತು, ಸೂರ್ಯ ಮಾತ್ರ ಇಲ್ಲ. ಇದ್ದದ್ದು ಒಣಹಾಕಿದ ಒದ್ದೆ ಸೀರೆ. ಆಟೋಫೋಕಸ್ ಅದರ ಅಂಚಿಗೆ ಎಷ್ಟು ನಿಷ್ಠೆಯಿಂದ ಅಂಟಿಕೊಂಡಿತ್ತೆಂದರೆ ಜರಿಯ ಎಳೆ ಎಣಿಸಬಹುದಿತ್ತು. ಸೀರೆ ತುಸು ಅಲುಗಿತು. ಅದರ ಬದಿಯಿಂದ ಒಂದು ಕಪ್ಪು ಕೈ, ಉದ್ದುದ್ದ ಬೆರಳು, ಜಾಲರಿಯ ಕಿಂಡಿಯೊಳಗೆ ತೂರಿ ಕ್ಯಾಮೆರಾದ ಪಟ್ಟಿಯನ್ನು ಮೆಲ್ಲಗೆ ಎಳೆಯತೊಡಗಿತು.

ಟ್ಯಾಬು, ರಜಾಯಿ ಎರಡನ್ನೂ ಅಲ್ಲೇ ಒಗೆದು ಓಡಿದೆ. ಸೀರೆ ಸರಿಸಿ ಪಟ್ಟಿಯ ಈಚೆ ತುದಿ ಹಿಡಿದೆ. ಆಚೆ ತುದಿ ಹಿಡಿದ ಕೋತಿ ನನ್ನ ಟೋಪಿಯನ್ನೇ ದಿಟ್ಟಿಸುತ್ತಿತ್ತು. ಅಷ್ಟರಲ್ಲಿ ಕ್ಯಾಮೆರಾ ತನ್ನಷ್ಟಕ್ಕೆ 'ಚಕ್' ಎಂದಿತು. ಇನ್ನೊಮ್ಮೆ 'ಚಕ್'.

ತಿರುಗಿ ನೋಡಿದರೆ ಅತ್ತೆ ಮೆಟ್ಟಿಲ ಮೇಲೆ ನನ್ನ ರಜಾಯಿ ಹೊದ್ದು, ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು, ಕನ್ನಡಕ ಏರಿಸಿ ಕೂತಿದ್ದರು.

"ಬಿಡಬೇಡಿ, ಹಾಗೇ ಹಿಡ್ಕೊಂಡಿರಿ ಅಳಿಯಂದ್ರೇ. ಒಂಚೂರು ಎಡಕ್ಕೆ... ಸೂರ್ಯ ಮರೆಯಾಗ್ತಿದ್ದಾನೆ."