ಗಿಟ್‌ಸಂಕ್ರಮಣ ಮೀಮಾಂಸೆ

ಪ್ರೋಗ್ರಾಮಿನ ತಿದ್ದುಪಡಿಗಳ ಲೆಕ್ಕವಿಡುವ ‘ಗಿಟ್’ ತಂತ್ರಾಂಶದ ಹೆಸರಿನ ನಿಷ್ಪತ್ತಿಯ ವಿಷಯದಲ್ಲಿ ಎರಡು ಪಕ್ಷಗಳಿವೆ. 2005ರ ಏಪ್ರಿಲ್‌ನಲ್ಲಿ ಅದನ್ನು ಬರೆದ ಲೈನಸ್ ಟೊರ್ವಾಲ್ಡ್ಸ್, ಅದು ಇಂಗ್ಲಿಷರ ಒಂದು ಬೈಗುಳವೆಂದೂ ತನ್ನನ್ನೇ ಕುರಿತು ಇಟ್ಟ ಹೆಸರೆಂದೂ ಹೇಳಿಕೊಂಡಿದ್ದಾನೆ. ಕರ್ತೃವಿನ ಮಾತನ್ನು ನಂಬಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಅದು ಅಚ್ಚಗನ್ನಡದ ‘ಗಿಟ್ಟು’ ಧಾತುವಿನಿಂದ ಹುಟ್ಟಿದ್ದೆಂಬುದು ನಮ್ಮ ಪಕ್ಷ. ಬೆಂಗಳೂರಿನ ಯಾವ ಸಾಫ್ಟ್‌ವೇರ್ ಕಚೇರಿಯಲ್ಲಾದರೂ ಇಪ್ಪತ್ತು ವರ್ಷ ಸರ್ವಿಸ್ ಆದವರನ್ನು ಕೇಳಿ ನೋಡಿ: ‘ಇದೆಲ್ಲ ನಮಗೆ ಗಿಟ್ಟೋದಲ್ಲಪ್ಪ’ ಎನ್ನುತ್ತಾರೆ. ಪ್ರಯೋಗಕ್ಕಿಂತ ದೊಡ್ಡ ಪ್ರಮಾಣ ಉಂಟೆ?

ಗಿಟ್‌ನ ಗುರುಪರಂಪರೆಯನ್ನು ಸ್ಮರಿಸದೆ ಮುಂದುವರಿದರೆ ಗ್ರಂಥಕ್ಕೆ ದೋಷ ತಟ್ಟುತ್ತದೆ. 1972ರಲ್ಲಿ ಬೆಲ್ ಲ್ಯಾಬ್ಸ್‌ನ ಮಾರ್ಕ್ ರಾಚ್‌ಕೈಂಡ್ ಎಸ್‌ಸಿಸಿಎಸ್ ರಚಿಸಿದರು. ಹತ್ತು ವರ್ಷದ ಮೇಲೆ ವಾಲ್ಟರ್ ಟಿಚಿ ಆರ್‌ಸಿಎಸ್ ತಂದರು. ಅದರ ಹೆಗಲೇರಿ ಸಿವಿಎಸ್ ಬಂತು, 2004ರಲ್ಲಿ ಸಬ್‌ವರ್ಷನ್ನಿನ 1.0 ಬಂತು. ಆರ್‌ಸಿಎಸ್ ಕಾಲದಲ್ಲಿ ಫೈಲನ್ನು ತಿದ್ದಬೇಕಾದರೆ ಮೊದಲು ಅದಕ್ಕೆ ನಿಮ್ಮ ಹೆಸರಿನ ಬೀಗ ಜಡಿಯಬೇಕಿತ್ತು. ಬೀಗ ಜಡಿದವರು ತಂಗಿಯ ಮದುವೆಗೆಂದು ಊರಿಗೆ ಹೋದರೆ, ಅರಿಶಿನದ ದಾರ ಕಟ್ಟಿಕೊಂಡು ವಾಪಸು ಬರುವ ತನಕ ಇಡೀ ತಂಡ ಕ್ಯಾಂಟೀನಿನಲ್ಲಿ ಕುಳಿತಿರಬೇಕು. ಹಿರಿಯರು ಆ ಕಾಲವನ್ನು ನೆನೆದು ಯಾಕೆ ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆಂಬುದು ಇದರಿಂದ ಸ್ಪಷ್ಟ.

ಈಗ ಪ್ರಕೃತ ವಿಷಯ. ಹಿರಿಯರಿಗೆ ಗಿಟ್ ಹತ್ತದಿರುವುದಕ್ಕೆ ವಯಸ್ಸು ಕಾರಣವೆಂಬುದು ಕಿರಿಯರ ಮತ. ಇದು ಅಪ್ಪಟ ಅವಿವೇಕ. ಹೊಸ ಶಬ್ದಗಳನ್ನು ಕಲಿಯುವುದು ಅವರಿಗೆ ಕಷ್ಟವೇ ಅಲ್ಲ. ಇಲ್ಲಿ ಶಬ್ದಗಳೆಲ್ಲ ಹಳೆಯವು, ಅರ್ಥ ಮಾತ್ರ ಯಾರದೋ. ‘ಕಮಿಟ್’ ತೆಗೆದುಕೊಳ್ಳಿ. ಸಬ್‌ವರ್ಷನ್ನಿನಲ್ಲಿ ಕಮಿಟ್ ಮಾಡಿದರೆ ಕೆಲಸ ಸರ್ವರಿಗೆ ಹೋಯಿತು, ನೀವು ಮನೆಗೆ ಹೋಗಬಹುದು. ಗಿಟ್‌ನಲ್ಲಿ ಕಮಿಟ್ ಮಾಡಿದ್ದು ನಿಮ್ಮ ಯಂತ್ರದಲ್ಲೇ ಉಳಿಯುತ್ತದೆ: ಕಾಗದ ಬರೆದು, ವಿಳಾಸ ಬರೆದು, ಸ್ಟಾಂಪೂ ಅಂಟಿಸಿ ಜೇಬಿನಲ್ಲಿಟ್ಟುಕೊಂಡ ಹಾಗೆ. ಡಬ್ಬಿಗೆ ಹಾಕುವುದಕ್ಕೆ ‘ಪುಶ್’ ಬೇರೆ ಇದೆ. ‘ಶುಕ್ರವಾರವೇ ಕಳಿಸಿದ್ದೀನಲ್ಲಮ್ಮ’ ಎಂದು ಸೋಮವಾರ ಆಣೆ ಇಡುವ ಹಿರಿಯರು ಸುಳ್ಳು ಹೇಳುತ್ತಿಲ್ಲ. ಅವರು ಸಬ್‌ವರ್ಷನ್ ಭಾಷೆಯಲ್ಲಿ ಸತ್ಯ ಹೇಳುತ್ತಿದ್ದಾರೆ.

‘ರಿವರ್ಟ್’ ಇನ್ನೂ ಘೋರ. ಅಲ್ಲಿ ಅದು ಇನ್ನೂ ಒಪ್ಪಿಸದ ತಿದ್ದುಪಡಿಯನ್ನು ಒರೆಸಿಹಾಕುತ್ತಿತ್ತು. ಇಲ್ಲಿ ಹಳೆಯ ಕಮಿಟ್ಟನ್ನು ರದ್ದುಮಾಡುವ ಹೊಸದೊಂದು ಕಮಿಟ್ಟನ್ನೇ ಹುಟ್ಟಿಸುತ್ತದೆ. ‘ಚೆಕ್‌ಔಟ್’ ಎಂದರೆ ಒಂದು ಕಾಲಕ್ಕೆ ಬೀಗ ಹಾಕುವುದು, ಆಮೇಲೆ ಸರ್ವರಿನಿಂದ ಪ್ರತಿ ಇಳಿಸಿಕೊಳ್ಳುವುದು. ಗಿಟ್‌ನಲ್ಲಿ ಶಾಖೆಯಿಂದ ಶಾಖೆಗೆ ಹಾರುವುದು, ಮುಂದೆ ಫೈಲಿನ ಹೆಸರು ಬರೆದರೆ ಬೆಳಗಿನಿಂದ ಮಾಡಿದ ಕೆಲಸವನ್ನು ಒಂದು ಮಾತೂ ಕೇಳದೆ ನುಂಗುವುದು. ಅಮರಕೋಶದ ಅಮರಸಿಂಹ ಇದನ್ನು ಕಂಡಿದ್ದರೆ ನಾನಾರ್ಥವರ್ಗಕ್ಕೆ ಇನ್ನೊಂದು ಓಲೆ ಸೇರಿಸುತ್ತಿದ್ದ. ಗಿಟ್‌ನವರಿಗೂ ನಾಚಿಕೆಯಾಗಿರಬೇಕು, 2019ರಲ್ಲಿ ‘ಸ್ವಿಚ್’, ‘ರಿಸ್ಟೋರ್’ ಎಂಬ ಎರಡು ಹೊಸ ಆಜ್ಞೆಗಳಿಗೆ ಈ ಕೆಲಸಗಳನ್ನು ಹಂಚಿದರು.

ಪೂರ್ವಪಕ್ಷ: ‘ಶಾಖೆಗಳ ಗೊಡವೆಯೇ ಬೇಡ. ಶೂನ್ಯಸಂಪಾದನೆಗೆ ನಾಲ್ಕು ಪರಿಷ್ಕರಣಗಳಿವೆ, ಯಾರಾದರೂ ಮರ್ಜ್ ಮಾಡಿದರೆ? ಕನ್ನಡಕ್ಕೇನು ನಷ್ಟವಾಯಿತು?’ ಉತ್ತರ: ಆ ಸಂಪಾದಕರಿಗೆ ಶುಕ್ರವಾರ ಸಂಜೆ ರಿಲೀಸ್ ಇರಲಿಲ್ಲ. ಮರ್ಜ್ ಎಂದರೆ, ಅಂದರೆ ಶಾಖೆಗಳನ್ನು ಸೇರಿಸುವುದೆಂದರೆ, ಹಿರಿಯರಿಗಿರುವ ಭಯ ಮಾತ್ರ ಸಕಾರಣವಾದದ್ದೇ. ಯಾವುದನ್ನು ಆಗಲೇ ಸೇರಿಸಿದ್ದೇವೆಂಬ ನೆನಪನ್ನು ಸಬ್‌ವರ್ಷನ್ ತಾನೇ ಇಟ್ಟುಕೊಳ್ಳತೊಡಗಿದ್ದು 2008ರಲ್ಲಿ. ಅಲ್ಲಿಯವರೆಗೆ ಇವರು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು.

ಬೋಧನಾಕ್ರಮ. ಗ್ರಾಫ್ ಥಿಯರಿಯಿಂದ ಶುರು ಮಾಡುವ ಕಿರಿಯನನ್ನು ಮೊದಲು ಕೋಣೆಯಿಂದ ಹೊರಗೆ ಕಳಿಸಬೇಕು. ಹಸಿದವರಿಗೆ ಪಾಕಶಾಸ್ತ್ರ ಓದಿಸುವ ಜಾತಿ ಅದು. ಕಮಿಟ್ಟಿನ ಗುರುತಾದ ನಲವತ್ತು ಅಕ್ಷರದ ಹ್ಯಾಶ್ ತೋರಿಸಿ ಹೆದರಿಸಕೂಡದು. ‘ನಾಲ್ಕು ಸಾವಿರದ ಇನ್ನೂರ ಹದಿನೇಳನೇ ರಿವಿಷನ್’ ಎಂದು ಫೋನಿನಲ್ಲಿ ಹೇಳಿ ರೂಢಿಯಾದವರು ಅವರು. ಸಾಮಾನ್ಯವಾಗಿ ಮೊದಲ ಏಳು ಅಕ್ಷರ ಸಾಕೆಂದು ಸಮಾಧಾನ ಹೇಳಬೇಕು. ಆಮೇಲೆ ಒಂದು ಆಟದ ಫೋಲ್ಡರ್ ಕೊಟ್ಟು, ‘ಸರ್, ಕಮಿಟ್ ಮಾಡಿ, ಆಮೇಲೆ ಹೇಗೆ ಬೇಕೋ ಹಾಗೆ ಹಾಳು ಮಾಡಿ’ ಎಂದು ಬಿಡಬೇಕು. ಅವರು ಹಾಳು ಮಾಡುತ್ತಾರೆ, ಅನುಭವಸ್ಥರು. ಆಗ ‘ರೆಫ್‌ಲಾಗ್’ ಎಂಬ ಗಿಟ್‌ನ ದಿನಚರಿ ತೆರೆದು ಎಲ್ಲವನ್ನೂ ಅವರ ಕೈಯಿಂದಲೇ ವಾಪಸು ತರಿಸಬೇಕು. ನೀವಾಗಿ ಬದಲಿಸದಿದ್ದರೆ ಅದರ ನೆನಪು 90 ದಿನ; ಈಗಿನ ಶಾಖೆಯಿಂದ ಕಡಿದುಹೋದ ಅನಾಥ ಕಮಿಟ್ಟಾದರೆ 30 ದಿನ, ಅಂದರೆ ಮೊದಲ ಮಾಸಿಕದವರೆಗೆ. ಕಮಿಟ್ ಮಾಡದೇ ಇದ್ದದ್ದಕ್ಕೆ ಮಾತ್ರ ಅಲ್ಲಿ ಜಾಗವಿಲ್ಲ. ನಾನು ಕಂಡಂತೆ, ಹೋದದ್ದು ಮರಳಿ ಬಂದುದನ್ನು ಒಮ್ಮೆ ನೋಡಿದವರು ಆಮೇಲೆ ಪ್ರಶ್ನೆ ಕೇಳತೊಡಗುತ್ತಾರೆ. ಅಲ್ಲಿಯವರೆಗೆ ‘ಹ್ಞೂ, ಹ್ಞೂ’ ಅಷ್ಟೆ.

ನಮ್ಮ ಸಿದ್ಧಾಂತಕ್ಕೆ ವಿರುದ್ಧವಾದ ಒಂದು ಸಾಕ್ಷ್ಯವನ್ನು ಮುಚ್ಚಿಟ್ಟರೆ ವಿದ್ವತ್ತಿಗೆ ಅಪಚಾರ. ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ಮನ್ನು ಕಟ್ಟುವವರು ಗಿಟ್ ಬಂದು ಇಪ್ಪತ್ತು ವರ್ಷವಾದರೂ ಸಿವಿಎಸ್ಸನ್ನು ಬಿಟ್ಟಿರಲಿಲ್ಲ. ಈ ವಾಕ್ಯವನ್ನು ನಿಮ್ಮ ಕಚೇರಿಯ ಹಿರಿಯರಿಗೆ ದಯವಿಟ್ಟು ತೋರಿಸಬೇಡಿ.