ಮುಂದಿನ ಮಹಾಮಾರಿಗೆ ಸ್ವಯಂಸೇವಕರನ್ನು ಕರೆಯಲಿರುವ ಅಧಿಕಾರಿಗಳಿಗೆ

ಮಾನ್ಯರೇ,

ಇನ್ನೊಂದು ಮಹಾಮಾರಿ ಬಂದಾಗ ‘ಸೇವಾ ಮನೋಭಾವದ ಯುವಕ ಯುವತಿಯರು ಹೆಸರು ನೋಂದಾಯಿಸಿರಿ’ ಎಂಬ ಪ್ರಕಟಣೆಗೆ ಸಹಿ ಹಾಕುವವರು ನೀವು. ನೀವು ಯಾರೋ ತಿಳಿಯದು. ಇನ್ನೂ ಕಾಲೇಜಿನಲ್ಲಿ ಓದುತ್ತಿದ್ದರೂ ಇರಬಹುದು. ಆದರೂ ಈಗಲೇ ಬರೆಯುತ್ತಿದ್ದೇನೆ. ರೋಗ ಬಂದ ಮೇಲೆ ಪತ್ರ ಓದುವ ಪುರಸೊತ್ತು ಯಾರಿಗೂ ಇರುವುದಿಲ್ಲ.

ನಮ್ಮೂರು ಶಿರಹಟ್ಟಿ ತಾಲ್ಲೂಕಿನ ಮಾಗಡಿ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದಿಳಿಯುವ ಕೆರೆಯಿಂದ ಊರು ಹೆಸರಾಗಿದೆ. ಕೊರೊನಾ ಬಂದ 2020ರ ಬೇಸಿಗೆಯಲ್ಲಿ ನಮ್ಮ ಕಡೆ ಬಂದಿಳಿದವರು ಗೋವಾ, ಮಂಗಳೂರಿಗೆ ದುಡಿಯಲು ಹೋಗಿದ್ದ ಮಂದಿ, ಗಂಟುಮೂಟೆ, ಕೂಸುಗಳ ಸಮೇತ. ಅವರಿಗಾಗಿ ಓಡಾಡಿದ ಸ್ವಯಂಸೇವಕರಲ್ಲಿ ನಾನೂ ಒಬ್ಬ. ಊರಿಗೆ ಮರಳಲು ಬೇಕಾದ ಸೇವಾಸಿಂಧು ಪಾಸಿಗೆ ಮೊಬೈಲಿನಲ್ಲಿ ಅರ್ಜಿ ತುಂಬಿದೆವು, ಕ್ವಾರಂಟೈನ್ ಆದವರಿಗೆ ರೊಟ್ಟಿ ಪಲ್ಯ ಮುಟ್ಟಿಸಿದೆವು, ರೇಷನ್ ಅಂಗಡಿಯ ಮುಂದೆ ಸುಣ್ಣದಲ್ಲಿ ಚೌಕ ಬರೆದೆವು. ಬೇಕಾದ ಕೆಲಸಗಳೇ. ಆದರೆ ಯಾವ ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ, ಯಾರು ಬಸುರಿ, ಯಾರ ಮಗ ರಾತ್ರೋರಾತ್ರಿ ಬಂದು ಒಳಗೆ ಕೂತಿದ್ದಾನೆ ಎಂಬುದೆಲ್ಲ ಗೊತ್ತಿದ್ದದ್ದು ಓಣಿಯ ಆಶಾ ಕಾರ್ಯಕರ್ತೆ ಅಕ್ಕನಿಗೆ.

2021ರ ಮೇ ತಿಂಗಳು, ಎರಡನೇ ಅಲೆ. ಅಕ್ಕನ ಜೊತೆ ಒಂದು ಮನೆಗೆ ಹೋಗಿದ್ದೆ. ಕಟ್ಟೆಯ ಮೇಲೆ ಕೂತಿದ್ದ ಅಜ್ಜನ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದರೆ ಅಂಕಿಯೇ ಮೂಡಲಿಲ್ಲ. ಜೀವಮಾನವೆಲ್ಲ ಕುಂಟೆ, ಕುಡಗೋಲು ಹಿಡಿದು ಜಡ್ಡುಗಟ್ಟಿದ ಬೆರಳು; ಜ್ವರದ ನಡುಕಕ್ಕೆ ತಣ್ಣಗೂ ಆಗಿತ್ತು. ‘ಯಜ್ಜಾ, ಕೈ ಕೊಡು ಇಲ್ಲೆ’ ಎಂದು ಅಕ್ಕ ಆ ಅಂಗೈಯನ್ನು ತಮ್ಮ ಎರಡೂ ಕೈಗಳಲ್ಲಿ ತಿಕ್ಕಿ ಬಿಸಿ ಮಾಡಿ, ಬೇರೆ ಬೆರಳಿಗೆ ಹಾಕಿದರು. 88 ತೋರಿಸಿತು. ‘ನಾ ದವಾಖಾನಿಗೆ ಬರಂಗಿಲ್ಲ, ಹೋದಾವ್ರು ತಿರುಗಿ ಬಂದಿಲ್ಲ’ ಎಂದು ಅಜ್ಜ ಹಟ ಹಿಡಿದ. ‘ನಿನ್ನ ಮೊಮ್ಮಗಳ ಹೆರಿಗ್ಯಾಗ ನಡುರಾತ್ರಿ ಯಾರ್ ಬಂದಿದ್ರು? ಈಗ ನಾ ಕರದ್ರ ಬರಂಗಿಲ್ಲೇನು?’ ಅಂದರು ಅಕ್ಕ. ಅಜ್ಜ ಮಾತಾಡದೆ ಟವೆಲ್ ಹೆಗಲಿಗೆ ಹಾಕಿಕೊಂಡ. ಆಂಬುಲೆನ್ಸ್ ಗದಗಿನ ಜಿಮ್ಸ್ ಆಸ್ಪತ್ರೆ ಕಡೆ ಹೊರಟಿತು. ನನ್ನಂಥವನು ಕೊರಳಿಗೆ ಎಂಥ ಗುರುತಿನ ಚೀಟಿ ಹಾಕಿಕೊಂಡು ಕರೆದಿದ್ದರೂ ಅಜ್ಜ ಏಳುತ್ತಿರಲಿಲ್ಲ.

ರಾಜ್ಯದಲ್ಲಿ ಇಂಥ ಆಶಾ ಕಾರ್ಯಕರ್ತೆಯರು ಸುಮಾರು 42,000. 2020ರಲ್ಲಿ ಇವರು 1.59 ಕೋಟಿಯಷ್ಟು ಮನೆಗಳ ಬಾಗಿಲಿಗೆ ಹೋಗಿ ವೃದ್ಧರ, ಬೇರೆ ಕಾಯಿಲೆ ಇದ್ದವರ ಪಟ್ಟಿ ಮಾಡಿದರು. ಆ ವರ್ಷ ಮಾರ್ಚ್ 22ರಂದು ಇಂಥವರಿಗಾಗಿ ಇಡೀ ದೇಶ ಚಪ್ಪಾಳೆ ತಟ್ಟಿತು. ಜುಲೈ 10ಕ್ಕೆ ಅದೇ ಹೆಣ್ಣುಮಕ್ಕಳು ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಮುಷ್ಕರ ಹೂಡಬೇಕಾಯಿತು. ಆಗ ರಾಜ್ಯ ಸರ್ಕಾರದ ನಿಗದಿತ ಗೌರವಧನ 4,000. 2022ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾಗಳಿಗೆ ಪ್ರಶಸ್ತಿ ಕೊಟ್ಟು ಗೌರವಿಸಿತು. 2025ರ ಜನವರಿಯಲ್ಲಿ ಇವರು ಮತ್ತೆ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತರು. ಏಪ್ರಿಲ್‌ನಿಂದ ಕನಿಷ್ಠ 10,000 ಸಿಗುತ್ತದೆ ಎಂಬ ಭರವಸೆ ಪಡೆದು ಎದ್ದು, ಅದೇ ವರ್ಷ ಆಗಸ್ಟ್‌ನಲ್ಲಿ ಮತ್ತೆ ಧರಣಿ ಕೂತರು.

2005ರಲ್ಲಿ ಆಶಾ ಯೋಜನೆ ಶುರುವಾದಾಗಿನಿಂದ ಸರ್ಕಾರದ ಲೆಕ್ಕದಲ್ಲಿ ಅಕ್ಕನೂ ಸ್ವಯಂಸೇವಕಿಯೇ, ನನ್ನ ಹಾಗೆ. ಆದರೆ ಹೆಸರುಕಾಳು ಬಿತ್ತನೆಗೆ ಹದ ಬಂದಾಗ ‘ನಾಲ್ಕು ದಿನ ಬರಲಾಗದು’ ಎಂದೆ, ಯಾರೂ ಯಾಕೆಂದು ಕೇಳಲಿಲ್ಲ. ಅಕ್ಕ ಒಂದು ದಿನ ತಪ್ಪಿಸಿದರೆ ಫೋನಿನ ಮೇಲೆ ಫೋನು. ನನಗೆ ಹೊಲವಿದೆ, ಅವರ ಒಲೆ ಉರಿಯುವುದು ಆ ಗೌರವಧನದಲ್ಲೇ. ಒಲ್ಲೆ ಎನ್ನಲು ಬಿಡದೆ ದುಡಿಸಿಕೊಂಡು ಅದನ್ನು ಸೇವೆ ಎನ್ನುವುದು ಅನ್ಯಾಯ. ಇದನ್ನು ನಾನು ಎದುರಿಗೆ ನೋಡಿದ್ದೇನೆ, ಅದಕ್ಕೇ ಸಿಟ್ಟು.

ಆದ್ದರಿಂದ ನಿಮ್ಮ ಪ್ರಕಟಣೆಗೆ ಮುಂಚೆ ಆಶಾಗಳ ಸಂಬಳದ ಆದೇಶ ಹೊರಡಲಿ. ಮಾಸ್ಕು, ಗ್ಲೌಸು ಮೊದಲು ಅವರ ಚೀಲಕ್ಕೆ ಬೀಳಲಿ. ಕಳೆದ ಸಲ 50 ಲಕ್ಷದ ವಿಮೆ ಇತ್ತು. ಮುಂದಿನ ಸಲ ಅದರ ಕಾಗದಪತ್ರಕ್ಕೆ ಗಂಡ ಮಕ್ಕಳು ಕಚೇರಿ ಕಚೇರಿ ಅಲೆಯಬಾರದು. ಪಂಚಾಯಿತಿಯ ಕಾರ್ಯಪಡೆ ಸಭೆಯಲ್ಲಿ ಅವರಿಗೆ ಕುರ್ಚಿ ಹಾಕಿಸಿ, ಮಾತು ಅವರಿಂದಲೇ ಶುರುವಾಗಲಿ. ಆಮೇಲೆ ನಮ್ಮನ್ನು ಕರೆಯಿರಿ, ಕರೆದು ಅವರ ಕೈಕೆಳಗೆ ಹಾಕಿರಿ. ಅವರು ಹೇಳಿದ ಮನೆಗೆ ಗುಳಿಗೆ ಒಯ್ಯುತ್ತೇವೆ, ಆ್ಯಪಿಗೆ ಹೆಸರು ಏರಿಸುತ್ತೇವೆ, ಮಳೆಯಲ್ಲಿ ಹೊಲದ ಮನೆಗಳಿಗೆ ಅವರನ್ನು ಬೈಕಿನಲ್ಲಿ ಕರೆದೊಯ್ಯುತ್ತೇವೆ.

ನನ್ನ ಹೆಸರು ಈಗಲೇ ಬರೆದುಕೊಳ್ಳಿ. ನನ್ನ ಬೈಕಿನ ಪೆಟ್ರೋಲು ನನ್ನದೇ. ಅಕ್ಕನ ಬಸ್ ಚಾರ್ಜು, ಮೊಬೈಲ್ ರೀಚಾರ್ಜು ಮಾತ್ರ ಸರ್ಕಾರದ ಲೆಕ್ಕಕ್ಕೆ ಬರಲಿ.

ಇಂತಿ,
ಮಾಗಡಿಯ ಒಬ್ಬ ಸ್ವಯಂಸೇವಕ